ಮಹಾವ್ಯಾಧಿಯ ತರುವಾಯ ಊರೂ ಪಾಠಶಾಲೆಯೂ

ಈ ತಿಂಗಳ ಪಾಠಕ್ಕೆ ನಾವು ತೆಗೆದುಕೊಂಡ ವಿಷಯವು ನಮ್ಮ ಊರುಗಳ ಪಾಠಶಾಲೆ. ಕೊರೋನಾ ವ್ಯಾಧಿಯು ಹೋಗಿ ವರುಷಗಳಾದವಲ್ಲಾ, ಈಗ ಅದರ ಮಾತು ಯಾಕೆಂದು ಕೆಲವರು ಕೇಳಾರು. ಆ ವ್ಯಾಧಿಯು ದೊಡ್ಡವರನ್ನು ಬಿಟ್ಟುಹೋದಷ್ಟು ಬೇಗನೆ ಮಕ್ಕಳನ್ನು ಬಿಟ್ಟುಹೋಗಲಿಲ್ಲ. ಅದೇ ಈ ಪಾಠಕ್ಕೆ ಕಾರಣ.

ಮೊದಲು ಕಾಲದ ಲೆಕ್ಕವನ್ನು ನೋಡೋಣ. 2020ನೆಯ ಇಸವಿ ಮಾರ್ಚ್ ತಿಂಗಳಲ್ಲಿ ನಮ್ಮ ರಾಜ್ಯದ ಪಾಠಶಾಲೆಗಳು ಮುಚ್ಚಲ್ಪಟ್ಟವು. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಅವುಗಳ ಬಾಗಿಲು ತಿರಿಗಿ ತೆರೆದದ್ದು 2021ನೆಯ ಇಸವಿ ಅಕ್ಟೋಬರ್ 25ರಲ್ಲಿ. ಹಾಗಾದರೆ 2020ರಲ್ಲಿ ಒಂದನೆಯ ತರಗತಿಗೆ ಹೆಸರು ಬರೆಸಿದ ಮಗುವು, ಒಂದನೆಯ ತರಗತಿಯ ಕೋಣೆಯಲ್ಲಿ ಕೂತುಕೊಳ್ಳದೆಯೇ ಎರಡನೆಯ ತರಗತಿಯ ಮಗುವಾಯಿತು. ಆ ಮಕ್ಕಳು ಈಗ ಹಿರಿಯ ತರಗತಿಗಳನ್ನು ಮುಟ್ಟಿದ್ದಾರೆ. ಅವರ ಮೇಲಿನವರು ಹತ್ತನೆಯ ತರಗತಿಯ ಪರೀಕ್ಷೆಯ ಬಾಗಿಲಿಗೆ ಬಂದಿದ್ದಾರೆ, ಕೆಲವರು ಅದನ್ನು ದಾಟಿದ್ದಾರೆ, ಕೆಲವರು ಅಲ್ಲಿಯೇ ನಿಂತುಹೋಗಿದ್ದಾರೆ.

ಆ ಹತ್ತೊಂಬತ್ತು ತಿಂಗಳು ಪೂರಾ ಬರಿದಾಗಿದ್ದವೆಂದು ಹೇಳಿದರೆ ಅನ್ಯಾಯವಾದೀತು. 2020ರ ಆಗಸ್ಟ್ ತಿಂಗಳಲ್ಲಿ ಸರಕಾರವು ವಿದ್ಯಾಗಮ ಎಂಬ ಕ್ರಮವನ್ನು ಆರಂಭಿಸಿತು. ಉಪಾಧ್ಯಾಯರು ಹಳ್ಳಿಗಳಿಗೆ ತಾವೇ ಹೋಗಿ, ಗುಡಿಯ ಪ್ರಾಕಾರದಲ್ಲಿಯೂ ಮರದ ನೆರಳಿನಲ್ಲಿಯೂ ಜಗಲಿಯ ಮೇಲೆಯೂ ಮಕ್ಕಳನ್ನು ಸಣ್ಣ ಸಣ್ಣ ಗುಂಪುಗಳಾಗಿ ಕೂಡಿಸಿ ಪಾಠ ಹೇಳಿದರು. ಅಂತರಜಾಲವುಳ್ಳ ಫೋನು ಇದ್ದ ಮನೆ, ಮಾತಾಡುವ ಫೋನು ಮಾತ್ರವಿದ್ದ ಮನೆ, ಯಾವದೂ ಇಲ್ಲದ ಮನೆ ಎಂದು ಮಕ್ಕಳನ್ನು ಮೂರು ವಿಧವಾಗಿ ವಿಂಗಡಿಸಿದ್ದರು. ಹಿರಿಯರು ಕೂಲಿಮಠಗಳ ಮಾತನ್ನು ಹೇಳುವದುಂಟಲ್ಲವೇ? ಊರಿನವರು ಅಯ್ಯನವರಿಗೆ ದವಸ ಅಳೆದುಕೊಟ್ಟು, ಜಗಲಿಯಲ್ಲಿ ಮರಳು ಹಾಸಿ ಮಕ್ಕಳ ಬೆರಳು ಹಿಡಿಸಿ ತಿದ್ದಿಸುತ್ತಿದ್ದ ಆ ಮಠವೇ ಕೆಲವು ವಾರಗಳ ಮಟ್ಟಿಗೆ ತಿರಿಗಿ ಬಂದ ಹಾಗಿತ್ತು. ಆದರೆ ವ್ಯಾಧಿಯು ಹಬ್ಬುವದೆಂಬ ಭಯ ಹುಟ್ಟಿ ಅಕ್ಟೋಬರ್ ತಿಂಗಳಲ್ಲಿ ಅದನ್ನು ನಿಲ್ಲಿಸಿದರು. 2021ರ ಜನವರಿಯಲ್ಲಿ ಅದು ಪುನಃ ಆರಂಭವಾದಾಗ ಆರನೆಯ ತರಗತಿಗೆ ಮೇಲ್ಪಟ್ಟವರಿಗೆ ಮಾತ್ರವೇ ಆಯಿತು. ಚಿಕ್ಕವರಿಗೆ ಚಂದನ ದೂರದರ್ಶನದ ಪಾಠಗಳು ಉಳಿದವು. ದೂರದರ್ಶನವು ಮಗುವಿನ ಬೆರಳನ್ನು ಹಿಡಿದು ತಿದ್ದಿಸಲಾರದು.

ಇದರಿಂದ ಏನು ನಷ್ಟವಾಯಿತೆಂಬದನ್ನು ತಿಳಿದವರು ಅಳೆದು ನೋಡಿದ್ದಾರೆ. 2021ರ ಜನವರಿಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ನಮ್ಮ ರಾಜ್ಯವೂ ಸೇರಿ ಐದು ರಾಜ್ಯಗಳ 1,137 ಸರಕಾರಿ ಶಾಲೆಗಳಲ್ಲಿ 16,067 ಮಕ್ಕಳನ್ನು ಪರೀಕ್ಷಿಸಿದರು. ಹಿಂದಿನ ವರುಷ ಚೆನ್ನಾಗಿ ಬಲ್ಲವರಾಗಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಕಳೆದುಕೊಂಡವರು ನೂರಕ್ಕೆ 92 ಮಂದಿ. ಗಣಿತದಲ್ಲಿ ಹಾಗೆ ಕಳೆದುಕೊಂಡವರು ನೂರಕ್ಕೆ 82 ಮಂದಿ. ಇಲ್ಲಿ ಒಂದು ಸೂಕ್ಷ್ಮವುಂಟು. ಮುಂದಿನ ಪಾಠವನ್ನು ಕಲಿಯದೆ ಇದ್ದದ್ದು ಒಂದು ನಷ್ಟ. ಕಲಿತದ್ದೂ ಕೈಬಿಟ್ಟುಹೋದದ್ದು ಇನ್ನೊಂದು. ಈ ಎಣಿಕೆಯು ಎರಡನೆಯದನ್ನು ಹೇಳುತ್ತದೆ.

ಆದರೆ ಅಂಕೆಗಳಿಂದ ನಮ್ಮ ಹಳ್ಳಿಯ ತಾಯಿತಂದೆಗಳಿಗೆ ಏನು ತಿಳಿದೀತು? ಕನ್ನಡವನ್ನು ಕಲಿಯುವ ಕ್ರಮದಿಂದಲೇ ಇದನ್ನು ವಿವರಿಸೋಣ. ನಮ್ಮ ಭಾಷೆಯನ್ನು ಓದುವದಕ್ಕೆ ಮೂರು ಮೆಟ್ಟಲುಗಳು. ಮೊದಲನೆಯದು ಮೂಲಾಕ್ಷರ; ಇದನ್ನು ಬಲ್ಲ ಮಗುವು ಮರ, ಸರ, ಅರಸ ಎಂದು ಓದುವದು. ಎರಡನೆಯದು ಕಾಗುಣಿತ, ಇದು ಬಂದರೆ ಮೊರ, ಸೇರು, ಕುದುರೆ. ಮೂರನೆಯದು ಒತ್ತಕ್ಷರ, ಇದು ಬಂದ ಮೇಲೆಯೇ ಅಕ್ಕ, ಹಣ್ಣು, ಶಿಕ್ಷಕ. ಕಾಗುಣಿತವೂ ಒತ್ತಕ್ಷರವೂ ಗಟ್ಟಿಯಾಗುವ ಕಾಲವು ಒಂದನೆಯ, ಎರಡನೆಯ ತರಗತಿಗಳೇ. ಶಾಲೆ ಮುಚ್ಚಿದ್ದ ಕಾಲದಲ್ಲಿ ಸಣ್ಣ ಮಕ್ಕಳಿಗೆ ಸರಿಯಾಗಿ ಈ ಎರಡು ಮೆಟ್ಟಲುಗಳೇ ತಪ್ಪಿದವು. ಮುಂದೆ ನಾಲ್ಕನೆಯ ತರಗತಿಯ ಪುಸ್ತಕವನ್ನು ತೆರೆದರೆ ಸಸ್ಯ, ಪ್ರಾಣಿ, ಶುದ್ಧ, ರಕ್ಷಣೆ, ವಿಜ್ಞಾನ, ಸ್ವಾತಂತ್ರ್ಯ ಎಂಬ ಮಾತುಗಳು. ಒತ್ತಕ್ಷರವಿಲ್ಲದೆ ಅಲ್ಲಿ ಒಂದು ಸಾಲೂ ಸಾಗುವದಿಲ್ಲ. ಹೀಗಿರಲಾಗಿ ಭಾಷೆಯೊಂದೇ ಅಲ್ಲ, ಪರಿಸರದ ಪಾಠವೂ ಸಮಾಜದ ಪಾಠವೂ ಗಣಿತದಲ್ಲಿನ ಮಾತಿನ ಲೆಕ್ಕವೂ ಆ ಮಗುವಿಗೆ ಬೀಗ ಹಾಕಿದ ಮನೆಗಳಾಗುತ್ತವೆ. ದಡ್ಡನೆಂದು ನಾವು ಬೈಯುವ ಹುಡುಗನು ಅನೇಕ ವೇಳೆ ದಡ್ಡನಲ್ಲ. ಬೀಗದ ಕೈ ಕೊಡಲ್ಪಡದವನು. ಚನ್ನಪಟ್ಟಣ ಎಂಬ ಹೆಸರಿನಲ್ಲಿಯೇ ಎರಡು ಒತ್ತಕ್ಷರಗಳಿವೆ. ಬಸ್ಸಿನ ಹಲಗೆಯನ್ನು ಓದಲಾರದೆ ಬಸ್ಸಿನ ಬಣ್ಣವನ್ನೂ ಕಂಡಕ್ಟರನ ಕೂಗನ್ನೂ ಗುರುತಿಟ್ಟುಕೊಂಡು ಹತ್ತುವ ಐದನೆಯ ತರಗತಿಯ ಮಕ್ಕಳನ್ನು ನಾವು ಈ ಸೀಮೆಯಲ್ಲಿ ಕಂಡಿದ್ದೇವೆ.

ಓದುಬರಹವಿಲ್ಲದ ತಾಯಿಯೂ ಇದನ್ನು ಪರೀಕ್ಷಿಸಬಲ್ಲಳು. ಮಗುವಿನ ಕೈಗೆ ಒಂದು ಮದುವೆಯ ಕರೆಯೋಲೆಯನ್ನಾಗಲಿ ಹಳೆಯ ಪತ್ರಿಕೆಯನ್ನಾಗಲಿ ಕೊಟ್ಟು ಗಟ್ಟಿಯಾಗಿ ಓದಿಸಲಿ. ಬಲ್ಲ ಮಗುವು ಮಾತಾಡುವ ಹಾಗೆ ಓದುವದು. ಅರಿಯದ ಮಗುವು ಹಳ್ಳದಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಡುವ ಹಾಗೆ ಓದುವದು. ಕಿವಿಯುಳ್ಳವರಿಗೆ ಭೇದವು ತಿಳಿದೇ ತಿಳಿಯುತ್ತದೆ. ಪುಸ್ತಕವನ್ನು ಬಾಯಿಪಾಠ ಮಾಡಿ ಮೋಸಗೊಳಿಸುವ ಜಾಣರೂ ಇದ್ದಾರೆ. ಆದಕಾರಣ ಪಾಠದ ಪುಸ್ತಕವನ್ನು ಕೊಡಬಾರದು.

ಸರಕಾರವು ಸುಮ್ಮನಿರಲಿಲ್ಲ. 2022-23ನೆಯ ಸಾಲನ್ನು ಕಲಿಕಾ ಚೇತರಿಕೆಯ ವರುಷವೆಂದು ಕರೆದು, ಮೇ 16ರಂದೇ ಶಾಲೆಗಳನ್ನು ತೆರೆದು, ಒಂದರಿಂದ ಒಂಬತ್ತನೆಯ ತರಗತಿಯ ವರೆಗೆ ಕಲಿಕಾ ಹಾಳೆಗಳನ್ನು ಕೊಟ್ಟು ಹಿಂದಿನ ಪಾಠಗಳನ್ನು ಕಲಿಸಿತು. ಅದರಿಂದ ಪ್ರಯೋಜನವಾಯಿತೆಂಬದರಲ್ಲಿ ಸಂಶಯವಿಲ್ಲ. ಈಗ ದೇಶದ ಹಳ್ಳಿಗಳಲ್ಲಿ ಅಸರ್ ಎಂಬ ವರದಿಯವರು ಮಾಡುವ ಪರೀಕ್ಷೆಯನ್ನು ನೋಡಿರಿ. ಸರಕಾರಿ ಶಾಲೆಗಳ ಐದನೆಯ ತರಗತಿಯವರಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು 2018ರಲ್ಲಿ ನೂರಕ್ಕೆ 44.2 ಮಂದಿ, 2022ರಲ್ಲಿ 38.5ಕ್ಕೆ ಇಳಿದರು, 2024ರಲ್ಲಿ 44.8ಕ್ಕೆ ಏರಿದರು. ಇದನ್ನು ಕಂಡು, ನಷ್ಟವೆಲ್ಲಾ ತುಂಬಿತೆಂದು ಕೆಲವರು ಹರ್ಷಿಸಿದರು. ಅವರ ಹರ್ಷವನ್ನು ನಾವು ಕೆಡಿಸಬೇಕೆಂದಿಲ್ಲ. ಆದರೂ ನೂರರಲ್ಲಿ ಐವತ್ತೈದು ಮಕ್ಕಳು ಮೂರು ತರಗತಿ ಕೆಳಗಿನ ಪಾಠವನ್ನು ಓದಲಾರದೆ ಇರುವದು ಯಾವ ವಿಧವಾದ ಆರೋಗ್ಯ? ವ್ಯಾಧಿಗೆ ಮುಂಚೆಯೂ ಈ ಮಕ್ಕಳು ಹಿಂದೆಯೇ ಇದ್ದರು. ವ್ಯಾಧಿಯು ಅದನ್ನು ಎಲ್ಲರ ಕಣ್ಣಿಗೆ ಕಾಣಿಸಿತು, ಅಷ್ಟೇ.

ರೇಷ್ಮೆಯ ಹುಳು ಸಾಕುವವರಿಗೆ ಇದಕ್ಕೆ ದೃಷ್ಟಾಂತ ಬೇಕಾಗಿಲ್ಲ. ಹುಳುವು ಜ್ವರಕ್ಕೆ ಕೂತು ಏಳುವಾಗ ಎಲ್ಲವೂ ಒಂದೇ ಸಮನಾಗಿ ಏಳುವದಿಲ್ಲ. ಎದ್ದದ್ದನ್ನೂ ಹಿಂದುಳಿದದ್ದನ್ನೂ ಒಂದೇ ತಟ್ಟೆಯಲ್ಲಿ ಬಿಟ್ಟು ಸೊಪ್ಪು ಹಾಕುತ್ತಾ ಹೋದರೆ, ಬಲವಾದವು ತಿನ್ನುವವು, ಹಿಂದುಳಿದವು ಸೊಪ್ಪಿನ ಕೆಳಗೆ ಉಳಿದು ಸೊರಗುವವು. ಆದಕಾರಣ ಬಲ್ಲ ರೈತನು ಅವುಗಳನ್ನು ಬೇರ್ಪಡಿಸಿ ಅದಕ್ಕೆ ತಕ್ಕ ಎಳೆಯ ಸೊಪ್ಪನ್ನು ಹಾಕುವನು. ಆದರೆ ಶಾಲೆಯಲ್ಲಿ ನಾವು ಮಾಡಿದ್ದು ಯಾವದು? ಒಂದು ವರುಷ ಎಳೆಯ ಸೊಪ್ಪನ್ನು ಹಾಕಿ, ಮರುವರುಷ ಎಲ್ಲರಿಗೂ ಬಲಿತ ಸೊಪ್ಪನ್ನೇ ಹಾಕಿದೆವು. ಯಾವ ತರಗತಿಯಲ್ಲಿ ಹೆಸರಿದೆ ಎಂಬದನ್ನು ನೋಡದೆ, ಎಷ್ಟು ಬಲ್ಲರು ಎಂಬದನ್ನು ನೋಡಿ ದಿನಕ್ಕೆ ಒಂದು ತಾಸಾದರೂ ಮಕ್ಕಳನ್ನು ಬೇರೆ ಬೇರೆ ಕೂಡಿಸಿ ಕಲಿಸುವದೇ ತಕ್ಕ ಉಪಾಯವೆಂದು ನಾವು ಎಣಿಸುತ್ತೇವೆ. ಆರನೆಯ ತರಗತಿಯ ಹುಡುಗನಿಗೆ ಕಾಗುಣಿತ ತಿದ್ದುವದಕ್ಕೆ ನಾಚಿಕೆಯಾದೀತು. ಅವನಿಂದ ಒಂದನೆಯ ತರಗತಿಯ ತಮ್ಮನಿಗೆ ಅದನ್ನು ಹೇಳಿಕೊಡಿಸಿದರೆ ಇಬ್ಬರೂ ಕಲಿಯುವರು, ನಾಚಿಕೆಯೂ ಇರದು.

ಇಷ್ಟು ಓದಿನ ಮಾತಾಯಿತು. ಪಾಠಶಾಲೆಯು ಮುಚ್ಚಿದಾಗ ನಿಂತುಹೋದದ್ದು ಓದು ಮಾತ್ರವಲ್ಲ. ಮಧ್ಯಾಹ್ನದ ಬಿಸಿಯೂಟ ನಿಂತಿತು. ಅಕ್ಕಿಬೇಳೆಯನ್ನು ಮನೆಗೆ ಹಂಚಿದರು, ನಿಜ. ಆದರೆ ಮನೆಗೆ ಬಂದ ಅಕ್ಕಿಯು ಮನೆಯವರೆಲ್ಲರ ಅಕ್ಕಿ, ಮಗುವಿನ ತಟ್ಟೆಯ ಅನ್ನವಲ್ಲ. 2013ರಿಂದ ಕೊಡುತ್ತಿದ್ದ ಹಾಲಿನ ಲೋಟವೂ ತಪ್ಪಿತು. ಅದೇ ಸಮಯದಲ್ಲಿ ರೇಷ್ಮೆಗೂಡಿನ ಬೆಲೆ ಕುಸಿಯಿತು. ಗೊಂಬೆ ಕೆತ್ತುವವರ ಸರಕು ಕೊಳ್ಳುವವರಿಲ್ಲದೆ ಉಳಿಯಿತು. ಬೆಂಗಳೂರಿನ ಸಿದ್ಧ ಉಡುಪಿನ ಕಾರಖಾನೆಗೆ ಹೋಗುತ್ತಿದ್ದ ಹೆಂಗಸರು ಮನೆಯಲ್ಲಿ ಕೂತರು. ಹೊಟ್ಟೆಗೆ ಕಡಿಮೆಯಾದಾಗ ಮಕ್ಕಳು ಹಿಪ್ಪುನೇರಳೆಯ ತೋಟಕ್ಕೂ ಚಂದ್ರಿಕೆಯಿಂದ ಗೂಡು ಬಿಡಿಸುವದಕ್ಕೂ ಹೋದರು. ಹೋದವರಲ್ಲಿ ಕೆಲವರು ಶಾಲೆಗೆ ಹಿಂದಿರುಗಲಿಲ್ಲ. 2021ರ ಜೂನ್‌ನಲ್ಲಿ ವೈದ್ಯ ದೇವಿ ಶೆಟ್ಟಿಯವರ ಸಮಿತಿಯು ಶಾಲೆಗಳನ್ನು ಹಂತಹಂತವಾಗಿ ತೆರೆಯಬೇಕೆಂದು ಸರಕಾರಕ್ಕೆ ಹೇಳಿದಾಗ ತೋರಿಸಿದ ಕಾರಣಗಳಲ್ಲಿ ಮಕ್ಕಳ ಅಪೌಷ್ಟಿಕತೆಯೂ ಬಾಲ್ಯವಿವಾಹವೂ ಸೇರಿದ್ದವು. ವೈದ್ಯರೇ ಶಾಲೆಯನ್ನು ತೆರೆಯಿರಿ ಎಂದದ್ದು ಗಮನಿಸತಕ್ಕ ಸಂಗತಿ.

ಬಾಲ್ಯವಿವಾಹದ ವಿಷಯದಲ್ಲಿ ಮುಚ್ಚಿಟ್ಟು ಮಾತಾಡುವದರಿಂದ ಪ್ರಯೋಜನವಿಲ್ಲ. ಮದುವೆಗೆ ಕೆಲವೇ ಮಂದಿ ಸೇರಬೇಕೆಂಬ ನಿಯಮವಿದ್ದಾಗ ಖರ್ಚು ಕಡಿಮೆಯಾದೀತೆಂದು ಅನೇಕರು ಹದಿನೈದು ಹದಿನಾರರ ಹುಡುಗಿಯರ ಮದುವೆಯನ್ನು ಮುಗಿಸಿದರು. ಶಾಲೆಯು ತೆರೆದಿದ್ದರೆ, ಹುಡುಗಿ ಯಾಕೆ ಬರಲಿಲ್ಲವೆಂದು ಹಾಜರಿಯ ಪುಸ್ತಕವಾದರೂ ಕೇಳುತ್ತಿತ್ತು. ಹುಡುಗಿಗೆ ಹದಿನೆಂಟು, ಹುಡುಗನಿಗೆ ಇಪ್ಪತ್ತೊಂದು ತುಂಬದೆ ಮದುವೆ ಮಾಡುವದು ಅಪರಾಧ. 1098 ಎಂಬ ಅಂಕೆಗೆ ಫೋನು ಮಾಡಿ ಯಾರಾದರೂ ತಿಳಿಸಬಹುದು.

ಇನ್ನು ದುಃಖದ ಮಾತು. ತಾಯಿಯನ್ನೋ ತಂದೆಯನ್ನೋ ಅಜ್ಜಿಯನ್ನೋ ಆ ಕಾಲದಲ್ಲಿ ಕಳೆದುಕೊಂಡ ಮಕ್ಕಳು ಹೆಣದ ಮುಖವನ್ನೂ ನೋಡಲಿಲ್ಲ. ಮಣ್ಣು ಮಾಡುವಾಗ ಹತ್ತಿರವಿರಲಿಲ್ಲ. ಅಂಥ ಮಗುವಿನ ದುಃಖವು ಅಳುವಾಗಿ ಹೊರಡದೆ ಬೇರೆ ದಾರಿಯಿಂದ ಹೊರಡುವದು. ಬೆಳಿಗ್ಗೆ ಹೊಟ್ಟೆನೋವೆಂದು ಶಾಲೆಯನ್ನು ತಪ್ಪಿಸುವದು, ಸುಮ್ಮನೆ ಜಗಳಕ್ಕೆ ನಿಲ್ಲುವದು, ಕೇಳಿದ್ದಕ್ಕೆ ಉತ್ತರ ಕೊಡದೆ ಇರುವದು, ರಾತ್ರಿ ಬೆಚ್ಚಿ ಬೀಳುವದು. ಇವು ಹಟದ ಗುರುತುಗಳೆಂದು ತಿಳಿದು ಹೊಡೆಯುವವರಿದ್ದಾರೆ. ಹೊಡೆತದಿಂದ ದುಃಖವು ಇನ್ನಷ್ಟು ಒಳಕ್ಕೆ ಹೋಗುತ್ತದೆ. ಶಾಲೆಯಲ್ಲಿ ಹೊಡೆಯುವದನ್ನು 2009ರ ಶಿಕ್ಷಣದ ಹಕ್ಕಿನ ಕಾಯಿದೆಯೂ ನಿಷೇಧಿಸಿದೆ. ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ನಿದ್ರೆ, ಸತ್ತವರ ಹೆಸರನ್ನು ಮಗುವಿನ ಮುಂದೆ ಹೆದರದೆ ಎತ್ತಿ ಮಾತಾಡುವದು, ದಿನಕ್ಕೊಮ್ಮೆ ಅದರ ಮಾತನ್ನು ಪೂರ್ತಿಯಾಗಿ ಕೇಳುವದು, ಇವೇ ಮನೆಯಲ್ಲಿ ಮಾಡತಕ್ಕ ಮೊದಲಿನ ಔಷಧ. ಇದಕ್ಕೂ ಮೀರಿದ ವ್ಯಾಕುಲವಿದ್ದರೆ 14416ಕ್ಕೆ ಫೋನು ಮಾಡಬಹುದು. 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ಎಂಬ ಈ ಸಹಾಯದಲ್ಲಿ ಕನ್ನಡದಲ್ಲಿಯೇ ಮಾತಾಡುತ್ತಾರೆ, ಹಣ ಕೇಳುವದಿಲ್ಲ. ಇಬ್ಬರು ಹೆತ್ತವರನ್ನೂ ಕೊರೋನಾದಿಂದ ಕಳೆದುಕೊಂಡ ಮಕ್ಕಳಿಗೆ ತಿಂಗಳಿಗೆ 3,500 ರೂಪಾಯಿ ಕೊಡುವ ಮುಖ್ಯಮಂತ್ರಿ ಬಾಲ ಸೇವಾ ಯೋಜನೆಯನ್ನು ರಾಜ್ಯ ಸರಕಾರವು 2021ರಲ್ಲಿ ಪ್ರಕಟಿಸಿತು.

ಹೀಗೆ ಊಟ, ಕಾವಲು, ಸಾಂತ್ವನ, ಓದು, ಇವೆಲ್ಲಾ ಒಂದೇ ಛಾವಣಿಯ ಕೆಳಗೆ ಇದ್ದವು. ಇಂಥ ಶಾಲೆಯನ್ನು ಅಮೇರಿಕಾ ದೇಶದವರು ಸಮುದಾಯ ಶಾಲೆ ಎಂದು ಕರೆಯುತ್ತಾರೆ. ಪಾಠಶಾಲೆಯು ಊರಿನ ಸಮಾಜಕ್ಕೆ ಕೇಂದ್ರವಾಗಿರಬೇಕೆಂದು ಜಾನ್ ಡ್ಯೂಯಿ ಎಂಬ ಪಂಡಿತನು 1902ರಲ್ಲಿಯೇ ಉಪನ್ಯಾಸ ಮಾಡಿದ್ದನು. ಕೊರೋನಾ ಕಾಲದಲ್ಲಿ, 2021ರಲ್ಲಿ, ಕ್ಯಾಲಿಫೋರ್ನಿಯಾ ಸಂಸ್ಥಾನದವರು ಅಂಥ ಶಾಲೆಗಳಿಗಾಗಿ ಮುನ್ನೂರು ಕೋಟಿ ಡಾಲರುಗಳನ್ನು ತೆಗೆದಿಟ್ಟರು. ನಮ್ಮಲ್ಲಿ ಅಷ್ಟು ಹಣವಿಲ್ಲ. ಆದರೆ ಅವರು ಹಣಕೊಟ್ಟು ಕಟ್ಟುತ್ತಿರುವದರ ಅರ್ಧವು ನಮ್ಮ ಹಳ್ಳಿಯ ಶಾಲೆಗಳಲ್ಲಿ ಆಗಲೇ ಇದೆ. ಅಡಿಗೆ ಮಾಡುವವರು ಊರಿನ ಹೆಂಗಸರೇ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಕೂತುಕೊಳ್ಳುವವರು ಮಕ್ಕಳ ಹೆತ್ತವರೇ. ಇಲ್ಲದಿರುವದು, ಅದು ನಮ್ಮದೆಂಬ ಎಣಿಕೆ.

ನಮ್ಮ ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರನ್ನು ನೋಡಿರಿ. ಈ ಊರಿನಲ್ಲಿ ಓದಿ ವೈದ್ಯರಾದ ಎಚ್. ಎಂ. ವೆಂಕಟಪ್ಪನವರು ತಮ್ಮ ಸ್ವಂತ ಹಣದಿಂದ ಸರಕಾರಿ ಶಾಲೆಗೆ ದೊಡ್ಡ ಕಟ್ಟಡವನ್ನು ಕಟ್ಟಿಸಿಕೊಟ್ಟಿದ್ದಾರೆ. ಇದು ಕರ್ನಾಟಕ ಪಬ್ಲಿಕ್ ಶಾಲೆ. ಅಂದರೆ ಎಳೆಯರ ತರಗತಿಯಿಂದ ಹನ್ನೆರಡನೆಯ ತರಗತಿಯ ವರೆಗೆ ಒಂದೇ ಆಡಳಿತದಲ್ಲಿ ನಡೆಯತಕ್ಕ ಶಾಲೆ. ಇದರ ಲಾಭವನ್ನು ಹೆಣ್ಣುಮಕ್ಕಳ ಹೆತ್ತವರು ಚೆನ್ನಾಗಿ ಗ್ರಹಿಸಬೇಕು. ಏಳನೆಯದು ಮುಗಿದ ಮೇಲೆ ದೂರದ ಪ್ರೌಢಶಾಲೆ, ಹತ್ತನೆಯದು ಮುಗಿದ ಮೇಲೆ ಪಟ್ಟಣದ ಕಾಲೇಜು ಎಂಬ ಎರಡು ತಿರುವುಗಳಲ್ಲಿಯೇ ಹುಡುಗಿಯರು ಕೈಬಿಟ್ಟುಹೋಗುವದು. ತಿರುವುಗಳಿಲ್ಲದ ದಾರಿಯಲ್ಲಿ ಮಗುವನ್ನು ಬಲ್ಲ ಉಪಾಧ್ಯಾಯರು ಹದಿಮೂರು ಹದಿನಾಲ್ಕು ವರುಷ ಅದನ್ನು ಕಣ್ಣಳತೆಯಲ್ಲಿ ಇಟ್ಟುಕೊಂಡಾರು.

ಒಬ್ಬರು ಕಟ್ಟಡವನ್ನು ಕೊಟ್ಟರು. ಮಿಕ್ಕವರು ಏನು ಕೊಡುವದು? ಹಣದಿಂದ ಕೊಳ್ಳಲಾಗದ ಕೆಲಸಗಳು ಇನ್ನೂ ಇವೆ. ಸಂಜೆಯ ಹೊತ್ತು ಗುಡಿಯ ಜಗಲಿಯೂ ಮಸೀದಿಯ ಅಂಗಳವೂ ನಮ್ಮ ಪ್ರಾರ್ಥನಾಲಯವೂ ಬಹಳ ಊರುಗಳಲ್ಲಿ ಬರಿದಾಗಿರುತ್ತವೆ. ಒಂದು ದೀಪ, ಒಂದು ಚಾಪೆ, ಹತ್ತನೆಯದನ್ನು ದಾಟಿದ ಒಬ್ಬ ಹುಡುಗಿ ಇದ್ದರೆ ಹತ್ತು ಮಕ್ಕಳ ಒತ್ತಕ್ಷರವು ಆರು ತಿಂಗಳಲ್ಲಿ ಗಟ್ಟಿಯಾದೀತು. ಓದುವದಕ್ಕೆ ಪುಸ್ತಕವಿಲ್ಲವೆಂಬ ನೆಪವೂ ಬೇಡ. 2020ರ ನವೆಂಬರ್‌ನಲ್ಲಿ ಆರಂಭವಾದ ಓದುವ ಬೆಳಕು ಎಂಬ ಕಾರ್ಯದಿಂದ ಗ್ರಾಮ ಪಂಚಾಯತಿಯ ಗ್ರಂಥಾಲಯದಲ್ಲಿ ಮಕ್ಕಳು ಹಣವಿಲ್ಲದೆ ಸದಸ್ಯರಾಗಬಹುದು. ಬೀಗ ಹಾಕಿದ್ದರೆ ಪಂಚಾಯತಿಯವರನ್ನು ಕೇಳುವದು ಸದಸ್ಯರ ಹಕ್ಕು. ಶಾಲೆಯ ಸಭೆಗೆ ಹೋಗುವ ತಾಯಂದಿರು ಕೇಳತಕ್ಕ ಮೊದಲಿನ ಪ್ರಶ್ನೆಯು ಸುಣ್ಣಬಣ್ಣದ ವಿಷಯವಾಗಿರದೆ, ಓದಲಾರದ ಮಕ್ಕಳು ಎಷ್ಟು, ಅವರ ಹೆಸರೇನು, ಯಾರು ಕಲಿಸುತ್ತಾರೆ ಎಂಬದಾಗಿರಲಿ.

ಕಡೆಗೆ ಹತ್ತನೆಯ ತರಗತಿಯವರ ವಿಷಯ. 2023ರಲ್ಲಿ ರಾಜ್ಯದಲ್ಲಿ ನೂರಕ್ಕೆ 83.89 ಮಂದಿ ಎಸ್‌ಎಸ್‌ಎಲ್‌ಸಿಯಲ್ಲಿ ತೇರ್ಗಡೆಯಾಗಿದ್ದರು. 2024ರ ಮೊದಲನೆಯ ಪರೀಕ್ಷೆಯಲ್ಲಿ 73.40 ಮಂದಿ, ಅದೂ ಕೃಪಾಂಕಗಳನ್ನು ಹೆಚ್ಚಿಸಿದ ಮೇಲೆ. ಆ ವರುಷ ಪರೀಕ್ಷೆಯ ಕೋಣೆಗಳಲ್ಲಿ ಕ್ಯಾಮೆರಾಗಳನ್ನಿಟ್ಟು ನಕಲನ್ನು ತಡೆದದ್ದೇ ಇದಕ್ಕೆ ಕಾರಣವೆಂದು ಹೇಳಿದರು. ಹಾಗೆಯೇ ಇರಲಿ, ನಕಲು ನಿಂತಾಗ ಕಂಡುಬಂದದ್ದು ಏನೆಂಬದನ್ನೂ ವಿಚಾರಿಸಬೇಕಲ್ಲವೇ? ಆ ಮಕ್ಕಳು ಶಾಲೆ ಮುಚ್ಚಿದಾಗ ಆರನೆಯ ತರಗತಿಯಲ್ಲಿದ್ದವರು. 2024ರಲ್ಲಿ ಒಂದೇ ವರುಷದಲ್ಲಿ ಮೂರು ಪರೀಕ್ಷೆಗಳನ್ನು ನಡೆಸುವ ಪದ್ಧತಿಯು ಬಂದಿತ್ತು. ಮೊದಲನೆಯದರಲ್ಲಿ ಹೋದ ವಿಷಯವನ್ನು ಎರಡನೆಯದರಲ್ಲಿ ಬರೆಯಬಹುದು. ಇದನ್ನು ತಿಳಿಯದೆ, ಫಲಿತಾಂಶ ಬಂದ ದಿನವೇ ಮಗಳನ್ನು ಗಾರ್ಮೆಂಟ್ಸಿನ ವ್ಯಾನಿಗೆ ಹತ್ತಿಸುವ ಮನೆಗಳಿವೆ. ನಿಮ್ಮ ಬೀದಿಯಲ್ಲಿ ಅಂಥ ಹುಡುಗಿ ಇದ್ದರೆ ಈ ವಾರವೇ ಅವಳ ತಾಯಿಯೊಂದಿಗೆ ಮಾತಾಡಿರಿ; ಹೆಸರು ಕಟ್ಟುವ ಕಡೆಯ ದಿನ ಯಾವದೆಂದು ಶಾಲೆಯಲ್ಲಿ ಕೇಳಿ ತಿಳಿಸಿರಿ; ಪರೀಕ್ಷೆಯ ದಿನ ಜೊತೆಗೆ ಹೋಗುವವರು ಇಲ್ಲದಿದ್ದರೆ ನೀವೇ ಹೋಗಿರಿ.